ಕಾರ್ಟೂನಿಗೆ ಅಂಟಿಸಿದ ಮುಖ

‘ಏಂಜೆಲಾ ಅನಕೊಂಡಾ’ ಅನ್ನೋ ಮಕ್ಕಳ ಕಾಮಿಡಿ ಸರಣಿಯನ್ನ ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ... 1999ರಲ್ಲಿ ಶುರುವಾದ ಕೆನಡಾದ ಕಾರ್ಟೂನು. ಮಾಡಿದವರು ಜೊಆನಾ ಫೆರೋನ್ ಮತ್ತು ಸ್ಯೂ ರೋಸ್. ಹೆಸರು ಹೊಸದು ಅನ್ನಿಸಿದರೂ ಇವರ ಕೈಕೂಸೊಂದು ನಮಗೆಲ್ಲ ಹಳೇ ಪರಿಚಯ. ಸೆವೆನ್ ಅಪ್ ಜಾಹೀರಾತಿನಲ್ಲಿ ಬರ್ತಿದ್ದ ಕೆದರುಗೂದಲಿನ ಫಿಡೋ ಡಿಡೋ! ಅವನು ನಾಲ್ಕು ಗೆರೆಯಲ್ಲಿ ಮುಗಿದುಹೋಗ್ತಿದ್ದ. ಏಂಜೆಲಾ ಉಲ್ಟಾ. ಇದರಲ್ಲಿ ಮುಖಗಳನ್ನ ಬರೆದೇ ಇಲ್ಲ. ನಿಜವಾದ ಮನುಷ್ಯರ ಕಪ್ಪು-ಬಿಳುಪು ಫೋಟೋ ತೆಗೆದು, ಕತ್ತರಿಸಿ, ಬಣ್ಣಬಣ್ಣದ ಬಟ್ಟೆ ತೊಟ್ಟ ಮೈಗಳ ಮೇಲೆ ಕಂಪ್ಯೂಟರಿನಲ್ಲಿ ಅಂಟಿಸಿದ್ದಾರೆ. ಏಂಜೆಲಾದು ಎಂಟು ವರ್ಷದ ಹುಡುಗಿಯ ಮುಖ, ಧ್ವನಿ ಮಾತ್ರ ಸ್ವತಃ ಸ್ಯೂ ರೋಸ್ ಅವರದ್ದು. ನೋಡ್ತಾ ಇದ್ದರೆ ಒಂಥರಾ ಕಸಿವಿಸಿ. ನಗು ಬರೋದೂ ಆ ಕಸಿವಿಸಿಯಿಂದಲೇ ಅನ್ನಿ.

ಯಾರದೋ ಮುಖ ಕತ್ತರಿಸಿ ಅಂಟಿಸಿ ನಗಿಸೋಕೆ ಆಗ ಒಂದು ಸ್ಟುಡಿಯೋನೇ ಬೇಕಿತ್ತು. ಈಗ ಜೇಬಿನಲ್ಲಿರೋ ಫೋನು ಸಾಕು. ನಮ್ಮ ಕರೋಲ್ ಬಾಗಿನ ಗಫಾರ್ ಮಾರ್ಕೆಟಿನಲ್ಲಿ ಸಿಗೋ ಸೆಕೆಂಡ್ ಹ್ಯಾಂಡ್ ಫೋನಾದರೂ ನಡೆಯುತ್ತೆ.

ಕನ್ನಡಕ್ಕೆ ಬರೋಣ. 2016ರಲ್ಲಿ ಝೀ ಕನ್ನಡದಲ್ಲಿ ‘ಡ್ರಾಮಾ ಜೂನಿಯರ್ಸ್’ ಶುರುವಾದಾಗ ದೆಹಲಿಯ ನಮ್ಮಂಥವರ ಮನೆಗಳಲ್ಲಿ ಹಬ್ಬ. ಲಕ್ಷ್ಮಿ, ಟಿ.ಎನ್. ಸೀತಾರಾಂ, ವಿಜಯ ರಾಘವೇಂದ್ರ ತೀರ್ಪುಗಾರರು, ಮಾಸ್ಟರ್ ಆನಂದ್ ನಿರೂಪಣೆ. ಶಾಲೆಯಲ್ಲಿ ಹಿಂದಿ, ಗಲ್ಲಿಯಲ್ಲಿ ಪಂಜಾಬಿ ಕೇಳಿ ಬೆಳೆದ ಇಲ್ಲಿನ ಮಕ್ಕಳಿಗೆ, ತಮ್ಮ ವಯಸ್ಸಿನವರೇ ಕನ್ನಡದಲ್ಲಿ ಪಟಪಟ ಡೈಲಾಗ್ ಹೊಡೆಯೋದು ಕಂಡು ನಾಚಿಕೆಯೂ ಆಗ್ತಿತ್ತು, ಆಸೆಯೂ ಆಗ್ತಿತ್ತು. ಆ ಮಕ್ಕಳ ಪ್ರತಿಭೆ ಬಗ್ಗೆ ಎರಡು ಮಾತಿಲ್ಲ.

ನನ್ನ ತಕರಾರು ಇಂಥ ಕಾರ್ಯಕ್ರಮ ಮುಗಿದ ಮೇಲಿನದ್ದು. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸ್ಟಿಕ್ಕರ್ ಓಡಾಡುತ್ತೆ. ಮಕ್ಕಳ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಮಾತು ಮರೆತು ಅತ್ತುಬಿಟ್ಟ ಪುಟ್ಟ ಹುಡುಗ. ಮುಖ ಮಾತ್ರ ಕತ್ತರಿಸಿ ಕೆಳಗೆ ‘ಸಂಬಳ ಖಾಲಿ’ ಅಂತ ಬರೆದಿದ್ದಾರೆ. ತಿಂಗಳ ಕೊನೆ ಬಂತೆಂದರೆ ಹತ್ತು ಜನ ಕಳಿಸ್ತಾರೆ. ಯಾವ ಚಾನಲ್ಲು ಅಂತ ಹೇಳೋದು ಬೇಡ, ಸ್ಟಿಕ್ಕರ್ ಮಾಡಿದ್ದು ಅವರಲ್ಲವಲ್ಲ.

ಕತ್ತರಿ ಕೆಲಸ ಏಂಜೆಲಾದ್ದೇ. ಆದರೆ ಅಲ್ಲಿದ್ದವರು ಆ ಕೆಲಸಕ್ಕೆ ಅಂತಲೇ ಕರೆಸಿದ ಮಾಡೆಲ್‌ಗಳು. ನಕ್ಕರೂ ಬೈದರೂ ಅದು ಏಂಜೆಲಾಗೆ ಹೋಗುತ್ತೆ. ಈ ಹುಡುಗ ಬಂದಿದ್ದು ನಾಟಕ ಆಡೋಕೆ. ಆ ಅಳು ನಾಟಕದ್ದಲ್ಲ, ಅವನದ್ದೇ. ನಾಳೆ ಹೈಸ್ಕೂಲಿನಲ್ಲಿ, ಆಮೇಲೆ ಇಂಟರ್‌ವ್ಯೂನಲ್ಲಿ ಯಾರೋ ಫೋನ್ ಎತ್ತಿ ಹಿಡಿದು ‘ಇದು ನೀನೇ ಅಲ್ವಾ?’ ಅಂತಾರೆ.

ಮೊದಲೆಲ್ಲ ಇಲ್ಲಿ ಸ್ಟುಡಿಯೋದವರು ಗಿರಾಕಿಗಳ ಮಕ್ಕಳ ಫೋಟೋ ದೊಡ್ಡದು ಮಾಡಿಸಿ ಶೋಕೇಸಿನಲ್ಲಿ ಇಡ್ತಿದ್ರು. ಕೇಳೋರು ಯಾರು? ಆದರೆ ಎರಡು ಬೇಸಿಗೆ ಕಳೆಯೋದರೊಳಗೆ ದೆಹಲಿ ಬಿಸಿಲಿಗೆ ಅದು ಬಿಳಿಚಿ ಹೋಗ್ತಿತ್ತು, ಇನ್ನೊಂದು ಮಗು ಆ ಜಾಗಕ್ಕೆ ಬರ್ತಿತ್ತು. ಸ್ಟಿಕ್ಕರ್‌ಗೆ ಬಿಸಿಲು ತಾಗೋಲ್ಲ ನೋಡಿ.

ಕಾನೂನು ಇಲ್ವಾ? ಇದೆ. 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಬಾಲ ಕಲಾವಿದರನ್ನ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸೋ ಹಾಗಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನ ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಗಂಟೆಗೆ ಲೆಕ್ಕ ಇದೆ, ದುಡ್ಡಿಗೆ ಲೆಕ್ಕ ಇದೆ. ಮುಖಕ್ಕೆ?

ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ನಮ್ಮ ಕರೋಲ್ ಬಾಗ್ ಸ್ಟೇಷನ್ನಿನಿಂದ ಬ್ಲೂ ಲೈನಿನಲ್ಲಿ ಆರನೇ ಸ್ಟೇಷನ್ ಆ ಕೋರ್ಟು. ಅರ್ಜಿ ಹಾಕಿದ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರಲ್ಲಿ ತೀರಿಕೊಂಡರು. ಆ ತೀರ್ಪಿನಲ್ಲಿ ನ್ಯಾ. ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆ ಬೇರೆಯಾಗಿಯೇ ಬರೆದಿದ್ದಾರೆ. ಎಳೆತನದ ಎಡವಟ್ಟನ್ನ ಒಂದು ಮಗು ಜೀವಮಾನವಿಡೀ ಹೊರೋ ಹಾಗೆ ಆಗಬಾರದು ಅನ್ನೋ ಅರ್ಥದಲ್ಲಿ.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳು. 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಹೆತ್ತವರ ಖಚಿತ ಒಪ್ಪಿಗೆ ಬೇಕಂತೆ. ಒಳ್ಳೇದು. ಆದರೆ ಒಂದು ಸಂದಿ ಇದೆ. ಮಾಹಿತಿ ಯಾರದ್ದೋ ಅವರೇ ಅದನ್ನ ಸಾರ್ವಜನಿಕ ಮಾಡಿದರೆ ಕಾಯ್ದೆ ಅದಕ್ಕೆ ಅನ್ವಯಿಸೋಲ್ಲ. ಮಕ್ಕಳ ವಿಷಯದಲ್ಲಿ ‘ಅವರು’ ಅಂದರೆ ಅಪ್ಪ-ಅಮ್ಮನೂ ಸೇರಿ! ನಾನು ಓದಿಕೊಂಡ ಪ್ರಕಾರ, ಅಪ್ಪ ಊರಿಗೆಲ್ಲ ಕಾಣೋ ಹಾಗೆ ಫೇಸ್‌ಬುಕ್ಕಿನಲ್ಲಿ ಹಾಕಿದ ಫೋಟೋನ ಮಗುವೇ ಹಾಕಿದ ಲೆಕ್ಕ.

ಇದು ನನಗೆ ಒಪ್ಪಿಗೆಯಿಲ್ಲ. ಹೆತ್ತವರು ಕೊಟ್ಟ ಒಪ್ಪಿಗೆ ಸಾಲ ಇದ್ದ ಹಾಗೆ, 18 ತುಂಬಿದ ದಿನ ಅದರ ಅವಧಿ ಮುಗೀಬೇಕು. ಬೇಡ ಅಂದರೆ ಆ ತುಣುಕನ್ನ ಚಾನಲ್ಲಿನವರು ತೆಗೀಬೇಕು, ಕರಾರಿನಲ್ಲೇ ಹಾಗೆ ಬರೆದಿರಬೇಕು. ಮತ್ತೆ, ಮಗು ನಿಜವಾಗಿ ಅತ್ತ ದೃಶ್ಯವನ್ನ ಬೇರೆ ಕ್ಲಿಪ್ ಮಾಡಿ ಬಿಡೋದಂತೂ ಬೇಡವೇ ಬೇಡ. ನಾಟಕ ತೋರಿಸಿ, ಸಾಕು.

ಮೊನ್ನೆ ಗುಂಪಿನಲ್ಲಿ ಇಷ್ಟನ್ನೂ ಬರೆದು, ಆ ಹುಡುಗನ ಸ್ಟಿಕ್ಕರ್ ಇನ್ನು ಬೇಡ ಅಂತ ಕೇಳಿಕೊಂಡೆ. ‘ಅಷ್ಟೊಂದು ಸೀರಿಯಸ್ ಆಗಬೇಡಿ ಸಾರ್’ ಅಂತ ಉತ್ತರ ಬಂತು. ಜೊತೆಗೆ ಅದೇ ಸ್ಟಿಕ್ಕರ್.