ಬೋರ್ಡಿಗೆ ಕನ್ನಡ ಬೇಕು, ಕಥೆಗೆ ಬೇಡವೇ?

ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು! ಆದರೆ ನಮ್ಮ ಹುಡುಗರು ಬರೆಯುವ ಕಥೆಯೊಳಗೇ ಕನ್ನಡ ಬಡವಾಗುತ್ತಿದ್ದರೆ ಕೇಳುವವರು ಯಾರು?

ಪ್ರೆಸ್ ನಡೆಸುವ ನನ್ನ ಮೇಜಿಗೆ ಹೊಸಬರ ಕಥೆಗಳು ಬರುತ್ತಲೇ ಇರುತ್ತವೆ. ಹೆಚ್ಚಿನವುಗಳಲ್ಲಿ ಯಾರು ಸತ್ತರೂ 'ನಿಧನರಾದರು'. ಗೌಡನೂ ನಿಧನ, ಜೀತದಾಳೂ ನಿಧನ, ಊರು ಹಾಳುಮಾಡಿದ ಬಡ್ಡಿ ಸಾಹುಕಾರನೂ ನಿಧನ! ಇದೇನು ಕಥೆಯೋ, ಶ್ರದ್ಧಾಂಜಲಿ ಜಾಹೀರಾತೋ?

ಸಾವಿಗೆ ಕನ್ನಡದಲ್ಲಿ ಎಷ್ಟು ಮಾತಿದೆ, ಎಣಿಸಿ ನೋಡಿ. 'ತೀರಿಕೊಂಡರು' ಎಂದರೆ ಮನೆಯವರ ದುಃಖ. 'ಶಿವನ ಪಾದ ಸೇರಿದರು' ಎಂದರೆ ತುಂಬು ಬಾಳಿಗೆ ಕೈಮುಗಿದಂತೆ. 'ಲಿಂಗೈಕ್ಯರಾದರು' ಎಂದರೆ ಮಠದ ಅಂಗಳವೇ ಕಣ್ಣಿಗೆ ಬರುತ್ತದೆ. 'ನೆಗೆದುಬಿದ್ದ' ಎಂದರೆ ಆತ ಯಾರಿಗೂ ಬೇಡವಾಗಿದ್ದ. 'ಗೊಟಕ್ ಅಂದ' ಎಂದರೆ ಕಟ್ಟೆ ಹರಟೆ. 'ಸತ್ತ' ಎಂಬ ಎರಡಕ್ಷರಕ್ಕೆ ಬಣ್ಣವೇ ಇಲ್ಲ, ಅದಕ್ಕೇ ಕೆಲವೆಡೆ ಅದೇ ಜಾಸ್ತಿ ಇರಿಯುತ್ತದೆ. ಹೆಣ ಒಂದೇ. ಓದುಗ ಅಳಬೇಕೋ, ನಗಬೇಕೋ, ಹಲ್ಲು ಕಡಿಯಬೇಕೋ ಎಂದು ತೀರ್ಮಾನಿಸುವುದು ಆ ಒಂದು ಪದ.

ತಾಯಿ ಮಗನಿಗೆ 'ಊಟ ಮಾಡು ಬಾ' ಎನ್ನುತ್ತಾಳೆ. 'ಕೂಳು ತಿನ್ನು ಬಾ' ಎಂದಳೋ, ಆ ಮನೆಯ ಜಗಳವನ್ನು ನೀವು ಬೇರೆ ವಿವರಿಸಬೇಕಿಲ್ಲ. 'ಭೋಜನ ಸ್ವೀಕರಿಸು' ಎಂದರೆ ನಾಟಕ ಕಂಪನಿ! ಐಟಿ ಕಂಪನಿಯ ಹುಡುಗ 'ಲಂಚ್ ಆಯ್ತಾ' ಎಂದರೆ ತಪ್ಪಿಲ್ಲ, ಅವನು ಮಾತಾಡುವುದೇ ಹಾಗೆ. ಹಳ್ಳಿಯ ಅವನಜ್ಜಿಯೂ ಹಾಗೇ ಮಾತಾಡಿದರೆ ಅದು ಬರೆದವನ ಸೋಮಾರಿತನ.

ಇನ್ನು 'ಶುದ್ಧ ಕನ್ನಡ'ದ ಕರಡು ತಿದ್ದುವ ಪಂಡಿತರು! ಮಂಡ್ಯದ ಪಾತ್ರ 'ಬತ್ತೀನಿ ಕಣವ್ವ' ಎಂದರೆ 'ಬರುತ್ತೇನೆ ಅಮ್ಮಾ' ಎಂದು ತಿದ್ದಿ ಅದರ ನಾಲಿಗೆ ಕತ್ತರಿಸುತ್ತಾರೆ. ದೇವನೂರ ಮಹಾದೇವರ 'ಕುಸುಮಬಾಲೆ' ಇವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ನಂಜನಗೂಡು ಸೀಮೆಯ ಆಡುಮಾತಿನಲ್ಲೇ ನಿಂತ ಆ ಪುಟ್ಟ ಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗೆಂದು ಸಂಸ್ಕೃತ ಪದವೆಲ್ಲ ವಿಷ ಎಂದೂ ಕೂಗಬೇಡಿ. 1967ರ 'ಮಲೆಗಳಲ್ಲಿ ಮದುಮಗಳು' ತೆರೆದು ನೋಡಿ. ಕಾಡಿನ ವರ್ಣನೆಗೆ ಕುವೆಂಪು ಸಂಸ್ಕೃತದ ಗಾಂಭೀರ್ಯ ತಂದರು, ಆಳುಮಕ್ಕಳ ಬಾಯಿಗೆ ಮಲೆನಾಡಿನ ಮಾತನ್ನೇ ಕೊಟ್ಟರು. ಯಾವ ಪದ ಎಲ್ಲಿ ಎಂಬುದು ಅವರಿಗೆ ಗೊತ್ತಿತ್ತು.

ನಗರದ ಹುಡುಗ ಹುಡುಗಿಯರೇ, ಧಾರಾವಾಹಿಯ ಸಪ್ಪೆ ಕನ್ನಡ ಬಿಡಿ. ಆಟೋ ಸ್ಟ್ಯಾಂಡು, ಮಾರ್ಕೆಟ್ಟು, ಮನೆಯ ಅಡುಗೆಕೋಣೆಗೆ ಕಿವಿ ಕೊಡಿ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕೆಂಬ ಕಾನೂನು 2024ರಲ್ಲಿ ಬಂತು. 'ಊಟ' ಎಲ್ಲಿ, 'ಕೂಳು' ಎಲ್ಲಿ ಎಂದು ಹೇಳುವ ಕಾನೂನು ಯಾವ ಸರ್ಕಾರವೂ ತರುವುದಿಲ್ಲ. ಆ ಕಾವಲು ನಿಮ್ಮದೇ!