ಕೇಳದೆ ‘ಆ್ಯಡ್’ ಮಾಡಬೇಡಿ

1/6

ಒಂದು ಸಣ್ಣ ಬಟನ್ ಬಗ್ಗೆ ಆರು ಪೋಸ್ಟ್ ಬರೀತಿದ್ದೀನಿ. ಹುಚ್ಚು ಅನ್ನಿಸಬಹುದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ಆಫೀಸ್ ಚಾಟ್‌ಗೆ ಹೊಸಬರನ್ನು ಸೇರಿಸೋ ಬಟನ್ ಅದು. ದೊಡ್ಡ ಕಂಪನಿಗಳ ಟೀಮ್ಸ್, ಸ್ಲ್ಯಾಕ್ ಇರಲಿ, ನಮ್ಮೂರಿನ ಆಡಿಟರ್ ಆಫೀಸ್ ನಡೆಯೋ ವಾಟ್ಸ್‌ಆ್ಯಪ್ ಗ್ರೂಪ್ ಇರಲಿ, ಕೆಲಸ ಒಂದೇ. ಹೆಸರು ಹುಡುಕು, ಒತ್ತು, ಮುಗೀತು.

ನನ್ನ ವಾದ ಇಷ್ಟೇ. ಆ ಬಟನ್ ಒತ್ತಿದಾಗ ನೀವು ಎರಡು ಕಡೆಯವರ ಪರವಾಗಿ ತೀರ್ಮಾನ ತಗೊಂಡಿರ್ತೀರಿ, ಅದೂ ಅವರನ್ನು ಕೇಳದೆ. ಒಂದು ಕಡೆ, ಅಲ್ಲಿ ಈಗಾಗಲೇ ಮಾತಾಡಿರೋರು. ಇನ್ನೊಂದು ಕಡೆ, ಹೊಸದಾಗಿ ಒಳಗೆ ಬಂದೋರು. ಮೊದಲನೆಯವರ ಮಾತು ಯಾರ ಕಿವಿಗೆ ಬೀಳಬೇಕು ಅನ್ನೋದನ್ನ ನೀವು ನಿರ್ಧರಿಸಿದ್ರಿ. ಎರಡನೆಯವರ ಸಮಯಾನೂ ಫೋನ್ ನಂಬರೂ ಯಾರಿಗೆ ಸಿಗಬೇಕು ಅನ್ನೋದನ್ನೂ ನೀವೇ ನಿರ್ಧರಿಸಿದ್ರಿ.

ಜಗಲಿ ಮೇಲೆ ಇಬ್ಬರು ಕೂತು ಮಾತಾಡ್ತಿರುವಾಗ ಮೂರನೆಯವರು ಬಂದರೆ ಏನಾಗುತ್ತೆ? ಮಾತು ಅಲ್ಲಿಗೇ ನಿಲ್ಲುತ್ತೆ. “ಬನ್ನಿ, ಕೂತ್ಕೊಳ್ಳಿ” ಅಂತಾರೆ, ವಿಷಯ ಬದಲಾಗುತ್ತೆ. ಬಂದವರಿಗೆ ಅಲ್ಲಿವರೆಗೆ ಆಡಿದ ಮಾತು ಕೇಳಿಸೋದಿಲ್ಲ. ಗೋಡೆಗೂ ಕಿವಿ ಇರುತ್ತೆ ಅಂತ ಅಜ್ಜಿಯಂದಿರು ಎಚ್ಚರಿಸೋರು. ಆಫೀಸ್ ಚಾಟ್‌ನ ಗೋಡೆಗೆ ಕಿವಿ ಜೊತೆಗೆ ನೆನಪೂ ಇದೆ. ಆರು ತಿಂಗಳ ಹಿಂದೆ ಬರೆದ ಸಾಲನ್ನೂ ಅದು ಹೊಸಬರಿಗೆ ಓದಿ ಹೇಳುತ್ತೆ.

2/6

ಮೊದಲು ಯಾವ ಆ್ಯಪ್ ಏನು ಮಾಡುತ್ತೆ ಅಂತ ತಿಳ್ಕೊಳ್ಳಿ. ಇಂಟರ್ನ್‌ಶಿಪ್‌ಗೆ ಹೋಗೋ ಮುಂಚೆ ಇದನ್ನ ಯಾರೂ ಹೇಳಿಕೊಡಲ್ಲ.

ಮೈಕ್ರೋಸಾಫ್ಟ್ ಟೀಮ್ಸ್: ಗ್ರೂಪ್ ಚಾಟ್‌ಗೆ ಒಬ್ಬರನ್ನು ಸೇರಿಸುವಾಗ ಮೂರು ಆಯ್ಕೆ ಬರುತ್ತೆ. ಹಳೇ ಮಾತು ತೋರಿಸಬೇಡ, ಇಷ್ಟು ದಿನದ್ದು ಮಾತ್ರ ತೋರಿಸು, ಎಲ್ಲಾ ತೋರಿಸು. ಆರಿಸೋದು ಸೇರಿಸುವವರು. ಆ ಮೆಸೇಜ್‌ಗಳನ್ನ ಬರೆದವರನ್ನ ಆ್ಯಪ್ ಒಂದು ಮಾತೂ ಕೇಳಲ್ಲ. ಎಲ್ಲಾ ಮುಗಿದ ಮೇಲೆ, ಇಂಥವರು ಇಂಥವರನ್ನು ಸೇರಿಸಿ ಹಳೇ ಚಾಟ್ ಹಂಚಿಕೊಂಡಿದ್ದಾರೆ ಅಂತ ಒಂದು ಸಣ್ಣ ಸಾಲು ಬರುತ್ತೆ, ಅಷ್ಟೇ. ಇಬ್ಬರೇ ಇದ್ದ ಚಾಟ್‌ಗೆ ಮೂರನೆಯವರನ್ನು ಸೇರಿಸಿದ್ರೆ ಮಾತ್ರ ಹೊಸ ಚಾಟ್ ಶುರುವಾಗಿ, ಹಳೇದು ಇಬ್ಬರ ನಡುವೆಯೇ ಉಳಿಯುತ್ತೆ.

ಸ್ಲ್ಯಾಕ್: ಪ್ರೈವೇಟ್ ಚಾನೆಲ್‌ಗೆ ಬಂದವರು ಆ ಚಾನೆಲ್‌ನ ಹಳೇ ಮಾತನ್ನೆಲ್ಲ ಓದಬಹುದು. ‘ಪ್ರೈವೇಟ್’ ಅಂದ್ರೆ ಹೊರಗಿನವರಿಗೆ ಬಾಗಿಲು ಮುಚ್ಚಿದೆ ಅಂತ. ನಾಳೆ ಒಳಗೆ ಬರೋರಿಗೆ ಅಲ್ಲ.

ವಾಟ್ಸ್‌ಆ್ಯಪ್: ಇಲ್ಲಿ ತೊಂದರೆ ಬೇರೆ. ಗ್ರೂಪ್‌ಗೆ ಸೇರಿದ ಕ್ಷಣ ನಿಮ್ಮ ನಂಬರ್ ಅಲ್ಲಿರೋ ಎಲ್ಲರ ಕೈಗೆ ಹೋಗುತ್ತೆ. ಒಂದು ಗ್ರೂಪ್‌ನಲ್ಲಿ 1024 ಜನ ಇರಬಹುದು. ನಿಮ್ಮನ್ನ ಯಾರು ಸೇರಿಸಬಹುದು ಅಂತ ನೀವೇ ನಿರ್ಧರಿಸೋ ಸೆಟ್ಟಿಂಗ್ ಬಂದಿದ್ದು 2019ರಲ್ಲಿ. ಯಾರಿಗೂ ಗೊತ್ತಾಗದ ಹಾಗೆ, ಅಡ್ಮಿನ್‌ಗೆ ಮಾತ್ರ ತಿಳಿಯೋ ಹಾಗೆ ಹೊರಗೆ ಬರೋ ಅವಕಾಶ ಸಿಕ್ಕಿದ್ದು 2022ರಲ್ಲಿ. ಅಂದ್ರೆ ಒಳಗೆ ಎಳೆಯೋ ಬಟನ್ ಮೊದಲು ಬಂತು. ಬೇಡ ಅನ್ನೋ ಹಕ್ಕು ಎಷ್ಟೋ ವರ್ಷ ಆದಮೇಲೆ ಬಂತು.

3/6

“ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋತೀಯಾ? ಆಫೀಸ್ ಮಾತು, ಮುಚ್ಚಿಡೋಕೆ ಏನಿದೆ?” ಅಂತ ಕೇಳೋರಿದ್ದಾರೆ. ಅವರಿಗೆ ಈ ಪೋಸ್ಟ್.

ನನ್ನ ಜೊತೆ ಓದೋ ಹುಡುಗಿ ಒಬ್ಬಳು ಒಂದು ಆಫೀಸ್‌ಗೆ ಇಂಟರ್ನ್ ಆಗಿ ಹೋಗ್ತಿದ್ಲು. ಟೀಮ್ ಚಾಟ್‌ನಲ್ಲಿ ದಿನಾ ಡೌಟ್ ಕೇಳೋಳು. “ಈ ಬಿಲ್‌ಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೋಬಹುದಾ ಸರ್?”, “ಸರ್, ಡೆಬಿಟ್ ನೋಟ್ ಎಲ್ಲಿ ಹಾಕ್ಬೇಕು, ಗೊತ್ತಾಗ್ಲಿಲ್ಲ.” ಕಲಿಯೋರು ಕೇಳಬೇಕಾದ ಪ್ರಶ್ನೆಗಳೇ. ಒಂದು ದಿನ ಅದೇ ಚಾಟ್‌ಗೆ ಕ್ಲೈಂಟ್ ಕಡೆಯವರನ್ನ ಸೇರಿಸಿದ್ರು, ಎಲ್ಲಾ ಹಳೇ ಮೆಸೇಜ್ ಸಮೇತ. ಅವರು ಮೇಲಿಂದ ಓದ್ಕೊಂಡು ಬಂದು ಕೇಳಿದ್ದು ಒಂದೇ ಮಾತು: “ನಮ್ಮ ಲೆಕ್ಕ ನೋಡ್ತಿರೋದು ಈ ಹುಡುಗಿನಾ?”

ಬೈಗುಳ ಬಿದ್ದಿದ್ದು ಅವಳಿಗೆ. ಸೇರಿಸಿದವರಿಗೆ ಅಲ್ಲ.

ಅವತ್ತಿಂದ ಅವಳು ಆ ಚಾಟ್‌ನಲ್ಲಿ ಡೌಟ್ ಕೇಳೋದು ಬಿಟ್ಲು. ನಷ್ಟ ಯಾರಿಗೆ ಯೋಚಿಸಿ. ಜಿಎಸ್‌ಟಿಆರ್-3ಬಿ ಪ್ರತಿ ತಿಂಗಳು ತುಂಬೋರಿಗೆ 20ನೇ ತಾರೀಕು ಕಡೇ ದಿನ. 18ಕ್ಕೆ ಬಂದ ಡೌಟನ್ನ ಕೇಳೋಕೆ ಹೆದರಿ, ತೋಚಿದ್ದು ಹಾಕಿ ಕಳಿಸಿದ್ರೆ ಬಡ್ಡಿ ಕಟ್ಟೋದು ಅದೇ ಕ್ಲೈಂಟ್. ಹೊಸಬರು ದಡ್ಡ ಪ್ರಶ್ನೆ ಕೇಳೋಕೆ ಒಂದು ಜಾಗ ಇರಬೇಕು. ಆ ಜಾಗ ಹೋದ್ರೆ ತಪ್ಪು ಕಮ್ಮಿ ಆಗಲ್ಲ, ಯಾರ ಕಣ್ಣಿಗೂ ಬೀಳದೆ ಕೂರುತ್ತೆ.

ಮುಚ್ಚಿಡೋಕೆ ಏನೂ ಇಲ್ಲದವರೂ ಯಾರ ಮುಂದೆ ಮಾತಾಡ್ತಿದ್ದೀನಿ ಅಂತ ನೋಡ್ಕೊಂಡೇ ಮಾತಾಡ್ತಾರೆ. ಮನೇಲಿ ಅಮ್ಮನ ಹತ್ರ ಮಾತಾಡಿದ ಹಾಗೆ ವೈವಾದಲ್ಲಿ ಮಾತಾಡ್ತೀವಾ?

4/6

ಈಗ ಅತಿ ಕೆಟ್ಟ ಬಳಕೆಗೆ ಬರೋಣ. ಸೇರಿಸೋದನ್ನೇ ದೊಣ್ಣೆ ಮಾಡ್ಕೊಳ್ಳೋದು.

ಇಬ್ಬರ ನಡುವೆ ಸಣ್ಣ ಭಿನ್ನಾಭಿಪ್ರಾಯ. ಫೋನ್ ಮಾಡಿದ್ರೆ ಐದು ನಿಮಿಷದಲ್ಲಿ ಬಗೆಹರಿಯುತ್ತೆ. ಆದ್ರೆ ಒಬ್ಬರು “ಸರ್‌ನ ಲೂಪ್‌ಗೆ ತರ್ತಿದ್ದೀನಿ” ಅಂತ ಬರೆದು ಮ್ಯಾನೇಜರ್‌ನ ಚಾಟ್‌ಗೆ ಎಳೀತಾರೆ. ಈಮೇಲ್‌ನ ಸಿಸಿ ಸಾಲಿನಲ್ಲಿ ನಡೀತಿದ್ದ ಆಟಾನೇ ಇದು. ಅಲ್ಲಿಂದ ಮುಂದೆ ಯಾರೂ ಕೆಲಸದ ಬಗ್ಗೆ ಮಾತಾಡಲ್ಲ, ತಮ್ಮ ತಪ್ಪಿಲ್ಲ ಅಂತ ಸಾಬೀತು ಮಾಡೋದರಲ್ಲೇ ಇರ್ತಾರೆ.

ಇದನ್ನ ‘ಪಾರದರ್ಶಕತೆ’ ಅಂತ ಕರೆಯೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ. ಕಂಪನಿ ಲಾ ಕ್ಲಾಸ್‌ನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದ್ಯಾ? 2013ರ ಕಂಪನಿ ಕಾಯ್ದೆ ಪ್ರಕಾರ ಬೋರ್ಡ್ ಮೀಟಿಂಗ್‌ಗೆ ಕನಿಷ್ಠ 7 ದಿನದ ನೋಟಿಸ್ ಕೊಡಬೇಕು. ಸಾಮಾನ್ಯ ಸಭೆಗಾದ್ರೆ 21 ದಿನ. ಬೋರ್ಡ್ ಮೀಟಿಂಗ್‌ನಲ್ಲಿ ಯಾವ ನಿರ್ದೇಶಕರು ಹಾಜರಿದ್ದರು ಅಂತ ನಡಾವಳಿಯಲ್ಲಿ ಬರೀಬೇಕು. ತುರ್ತಿಗೆ ವಿನಾಯಿತಿ ಇದೆ, ಒಪ್ಪಿದೆ. ಆದ್ರೆ ನಿಯಮದ ಹಿಂದಿನ ಯೋಚನೆ ನೋಡಿ: ಒಬ್ಬರನ್ನ ಮಾತುಕತೆಗೆ ಕರೆಯೋ ಮುಂಚೆ ಯಾಕೆ ಕರೀತಿದ್ದೀವಿ ಅಂತ ಹೇಳ್ಬೇಕು, ತಯಾರಾಗೋಕೆ ಸಮಯ ಕೊಡಬೇಕು. ಕೋಟಿ ರೂಪಾಯಿ ವ್ಯವಹಾರ ಮಾಡೋ ನಿರ್ದೇಶಕರಿಗೆ ಏಳು ದಿನ. ಎಂಟು ಸಾವಿರ ಸ್ಟೈಪೆಂಡ್ ತಗೊಳ್ಳೋ ಇಂಟರ್ನ್‌ಗೆ ಎರಡು ಸೆಕೆಂಡೂ ಇಲ್ವಾ? ಅವರಿಗೆ ಏಳು ದಿನ ಕೊಡಿ ಅಂತಿಲ್ಲ. ಒಂದು ಸಾಲು ಹೇಳಿ ಅಂತಿದ್ದೀನಿ.

5/6

ಎದುರು ವಾದದಲ್ಲಿ ಒಂದು ನಿಜ ಇದೆ. ಅದನ್ನ ಒಪ್ಪದೆ ಮುಂದೆ ಹೋಗೋಕಾಗಲ್ಲ.

ಸೇರಿಸದೇ ಇರೋದೂ ಅನ್ಯಾಯ ಆಗಬಹುದು. ಹುಡುಗರು ಮಾತ್ರ ಇರೋ ಒಂದು ಗ್ರೂಪ್‌ನಲ್ಲಿ ರಾತ್ರಿ ತೀರ್ಮಾನ ಆಗಿ, ಬೆಳಿಗ್ಗೆ ಹುಡುಗಿಯರಿಗೆ “ಹೀಗೆ ಅಂತ ಡಿಸೈಡ್ ಆಯ್ತು” ಅಂತ ತಿಳಿಸೋ ಕಡೆ, ಅವರನ್ನ ಸೇರಿಸೋದೇ ನ್ಯಾಯ. ಒಬ್ಬರ ಇನ್‌ಬಾಕ್ಸ್‌ನಲ್ಲೇ ಎಲ್ಲಾ ಮಾಹಿತಿ ಇದ್ದು, ಅವರು ರಜೆ ಹಾಕಿದ ದಿನ ಕೆಲಸ ನಿಂತ್ರೆ ಅದೂ ತಪ್ಪು. ಹಾಗಾಗಿ “ಯಾರನ್ನೂ ಸೇರಿಸಬೇಡಿ” ಅನ್ನೋದು ನನ್ನ ವಾದ ಅಲ್ಲ. ಕೇಳಿ ಸೇರಿಸಿ, ಹೇಳಿ ಸೇರಿಸಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಆ ಕೇಸ್ ಹಾಕಿದ್ದು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ. ಅವರು ಕೋರ್ಟ್ ಮೆಟ್ಟಿಲು ಹತ್ತಿದ್ದು ಆಧಾರ್ ವಿಷಯಕ್ಕೆ, ಆಫೀಸ್ ಗ್ರೂಪ್ ವಿಷಯಕ್ಕಲ್ಲ. ಯಾರಾದ್ರೂ ಚಾಟ್‌ಗೆ ಸೇರಿಸಿದ್ರೆ ಆ ತೀರ್ಪು ಹಿಡ್ಕೊಂಡು ಓಡಿ ಅಂತ ನಾನು ಹೇಳ್ತಿಲ್ಲ. ನನ್ನ ಬಗೆಗಿನ ವಿಷಯ ಯಾರಿಗೆ ಎಷ್ಟು ತಿಳಿಯಬೇಕು ಅನ್ನೋದರಲ್ಲಿ ನನಗೂ ಒಂದು ಮಾತಿದೆ ಅಂತ ದೊಡ್ಡ ನ್ಯಾಯಾಲಯವೇ ಒಪ್ಪಿದ ಮೇಲೆ, ನಾವು ನಮ್ಮ ಪಕ್ಕದ ಡೆಸ್ಕ್‌ನವರಿಗೆ ಅಷ್ಟು ಮರ್ಯಾದೆ ಕೊಡೋಕಾಗಲ್ವಾ ಅಂತ ಕೇಳ್ತಿದ್ದೀನಿ.

6/6

ಇದು ಆಫೀಸ್‌ನವರ ಸಮಸ್ಯೆ, ನಮಗ್ಯಾಕೆ ಅಂತೀರಾ? ಅಭ್ಯಾಸ ಶುರುವಾಗೋದು ನಮ್ಮ ಕ್ಲಾಸ್ ಗ್ರೂಪ್‌ನಲ್ಲೇ. “ನೋಟ್ಸ್ ಕೊಡ್ತಾರಂತೆ” ಅಂತ ಯಾರೋ ಒಬ್ಬರನ್ನ ಸೇರಿಸ್ತೀವಿ. ಮಾರನೇ ದಿನದಿಂದ ಕೋಚಿಂಗ್ ಸೆಂಟರ್ ಕಾಲ್ ಶುರು. ಹುಡುಗಿಯರಿಗೆ ಗೊತ್ತಿಲ್ಲದ ನಂಬರ್‌ಗಳಿಂದ “ಹಾಯ್”. ಅವರ ನಂಬರ್ ಹಂಚೋ ಅಧಿಕಾರ ನಮಗೆ ಕೊಟ್ಟಿದ್ದು ಯಾರು?

ಇವತ್ತಿಂದ ಇಷ್ಟು ಮಾಡೋಣ:

ಒಂದು. ಸೇರಿಸೋ ಮುಂಚೆ ಗ್ರೂಪ್‌ನಲ್ಲಿ ಒಂದು ಸಾಲು: “ಇಂಥವರನ್ನ ಈ ಕೆಲಸಕ್ಕೆ ಸೇರಿಸ್ತಿದ್ದೀನಿ. ಯಾರಿಗಾದ್ರೂ ತೊಂದರೆ ಇದ್ರೆ ಹೇಳಿ.”

ಎರಡು. ಬರೋರನ್ನೂ ಕೇಳಿ. “ನಿಮ್ಮನ್ನ ಸೇರಿಸ್ಲಾ?” ಅನ್ನೋಕೆ ಡೇಟಾ ಖರ್ಚಾಗಲ್ಲ.

ಮೂರು. ಹಳೇ ಚಾಟ್ ಪೂರ್ತಿ ತೋರಿಸಬೇಡಿ. ನಾಲ್ಕು ಸಾಲಲ್ಲಿ ವಿಷಯ ಬರೆದು ಹೇಳಿ. ಇನ್ನೂರು ಮೆಸೇಜ್ ಓದೋ ಕಷ್ಟ ಅವರಿಗೂ ತಪ್ಪುತ್ತೆ. ಕ್ಲೈಂಟ್ ಬರೋದಾದ್ರೆ ಹೊಸ ಗ್ರೂಪ್ ಮಾಡಿ.

ನಾಲ್ಕು. ಜಗಳ ಆದ್ರೆ ಮೊದಲು ಫೋನ್ ಮಾಡಿ. ಬಗೆಹರಿಯದಿದ್ರೆ, “ಸರ್ ಹತ್ರ ಕೇಳೋಣ್ವಾ?” ಅಂತ ಎದುರಿಗೇ ಹೇಳಿ ಸರ್‌ನ ಕರೀರಿ.

ಐದು. ಕೆಲಸ ಮುಗಿದ ಮೇಲೆ ಹೊರಗೆ ಹೋಗೋರನ್ನ “ಯಾಕೆ ಲೆಫ್ಟ್ ಆದೆ?” ಅಂತ ಪೀಡಿಸಬೇಡಿ.

ಆರು. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್. ಅಲ್ಲಿ ‘ಎವ್ರಿಒನ್’ ಅಂತಿದ್ರೆ ಈಗ್ಲೇ ‘ಮೈ ಕಾಂಟ್ಯಾಕ್ಟ್ಸ್’ ಮಾಡ್ಕೊಳ್ಳಿ. ಆಮೇಲೆ ಹೊರಗಿನವರು ನಿಮ್ಮನ್ನ ನೇರ ಸೇರಿಸೋಕಾಗಲ್ಲ, ಆಹ್ವಾನ ಕಳಿಸಬೇಕು. ಒಪ್ಪೋದು ಬಿಡೋದು ನಿಮ್ಮಿಷ್ಟ.

ಇನ್ನೆರಡು ವರ್ಷದಲ್ಲಿ ನಮ್ಮಲ್ಲೇ ಯಾರೋ ಟೀಮ್ ಲೀಡ್ ಆಗಿರ್ತಾರೆ. ಆಗ ಆ ಬಟನ್ ನಮ್ಮ ಕೈಲಿರುತ್ತೆ, ಎದುರಿಗೆ ಹೆದರಿಕೊಂಡು ಡೌಟ್ ಟೈಪ್ ಮಾಡ್ತಿರೋ ಇಂಟರ್ನ್ ಒಬ್ಬರು ಇರ್ತಾರೆ.

ಒಪ್ಪದವರು ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ. ಒಪ್ಪಿದವರು ಇದನ್ನ ನಿಮ್ಮ ಕ್ಲಾಸ್ ಗ್ರೂಪ್ ಅಡ್ಮಿನ್‌ಗೆ ಕಳಿಸಿ.

#ಕೇಳಿ_ಸೇರಿಸಿ #ಬಿಕಾಂ #ಇಂಟರ್ನ್‌ಶಿಪ್