ರಣಭೂಮಿಯನ್ನು ನೋಡುವ ಬಗೆ

ಪ್ರವಾಸವೆಂದೊಡನೆ ವಿದ್ಯಾರ್ಥಿಗಳ ಮನಸ್ಸು ಅರಮನೆ, ಜಲಪಾತಗಳತ್ತ ಹರಿಯುತ್ತದೆ. ರಣಭೂಮಿಯೂ ನೋಡತಕ್ಕ ಸ್ಥಳವೇ. ಆದರೆ ಅದನ್ನು ಆ ನೆಲದವರೊಬ್ಬರ ಜೊತೆಯಲ್ಲಿಯೇ ನೋಡಬೇಕೆಂಬುದು ನನ್ನ ಅಭಿಪ್ರಾಯ.

ನಾಗಾಲ್ಯಾಂಡಿನ ಕೊಹಿಮಾವನ್ನು ತೆಗೆದುಕೊಳ್ಳಿ. 1944ರ ಏಪ್ರಿಲಿನಿಂದ ಜೂನಿನವರೆಗೆ ಬ್ರಿಟಿಷ್ ಭಾರತದ ಸೇನೆಗೂ ಜಪಾನೀ ಸೇನೆಗೂ ಅಲ್ಲಿ ಘೋರ ಯುದ್ಧ ನಡೆಯಿತು. ಡೆಪ್ಯುಟಿ ಕಮಿಷನರರ ಬಂಗಲೆಯ ಟೆನಿಸ್ ಅಂಗಳವೇ ರಣರಂಗವಾಯಿತು. ಇಂದು ಅದೇ ದಿಣ್ಣೆಯ ಮೇಲೆ 1,420 ಸಮಾಧಿಗಳಿವೆ. ದಹನಸಂಸ್ಕಾರ ಹೊಂದಿದ 917 ಹಿಂದೂ, ಸಿಖ್ ಯೋಧರ ಹೆಸರುಗಳು ಪ್ರತ್ಯೇಕ ಸ್ಮಾರಕದಲ್ಲಿವೆ.

ಇಷ್ಟನ್ನು ಕಲ್ಲುಗಳೇ ಹೇಳುತ್ತವೆ. ಪುಸ್ತಕ ಸಾಲದೆ, ಮಾರ್ಗದರ್ಶಿಗೇಕೆ ಹಣ ಎಂದು ಕೆಲವರು ಕೇಳಬಹುದು. ಆದರೆ ಸಮವಸ್ತ್ರ ತೊಟ್ಟವರ ಹೆಸರನ್ನು ಮಾತ್ರ ಕಲ್ಲು ಬಲ್ಲದು. ಗಾಯಾಳುಗಳನ್ನು ಹೊತ್ತ, ಕಾಡುದಾರಿಗಳನ್ನು ತೋರಿದ, ಮನೆಮಠಗಳನ್ನು ಕಳೆದುಕೊಂಡ ನಾಗಾ ಜನರ ಸಂಕಟವನ್ನು ಅವರ ಮಕ್ಕಳು, ಮೊಮ್ಮಕ್ಕಳೇ ಹೇಳಬೇಕು. ಅದನ್ನು ಕೇಳದೆ ಹಿಂತಿರುಗಿದವನಿಗೆ ಯುದ್ಧವು ಬರಿಯ ಸೋಲು ಗೆಲುವುಗಳ ಲೆಕ್ಕವಾಗಿ ಉಳಿಯುತ್ತದೆ.

ಕೊಹಿಮಾ ದೂರವಾದರೇನು? ಪುಣೆಯ ಖಡಕಿಯಲ್ಲಿ, ಚೆನ್ನೈಯಲ್ಲಿ, ದೆಹಲಿಯಲ್ಲಿ ಇಂತಹ ಸಮಾಧಿಸ್ಥಳಗಳಿವೆ. ವಿದ್ಯಾರ್ಥಿಗಳೇ, ಅಲ್ಲಿಗೆ ಹೋಗಿರಿ, ಮೌನವಾಗಿ ನಡೆಯಿರಿ, ಸತ್ತವರ ವಯಸ್ಸನ್ನು ಓದಿರಿ, ಬಲ್ಲ ಹಿರಿಯರನ್ನು ವಿನಯದಿಂದ ಕೇಳಿರಿ. ಶಾಂತಿಯ ಬೆಲೆ ಆಗ ತಿಳಿಯುತ್ತದೆ.